ಕಲ್ಯಾಣಪ್ಪನ ಮಾರು

ಅಬಿಡ್ಸ್ ಪೇಟೆಯ ಹಿಂದಿನ ಓಣಿಯೊಂದರಲ್ಲಿ ಕಲ್ಯಾಣಪ್ಪನ ಹಗ್ಗದ ಅಂಗಡಿ. ಹುಮನಾಬಾದಿನಿಂದ ಬಂದ ಅಪ್ಪ ಹಾಕಿದ ಅಂಗಡಿ ಅದು. ಲಾರಿಯ ಹಗ್ಗ, ಬಾವಿಯ ಹಗ್ಗ, ಪಂಚಮಿಯ ಜೋಕಾಲಿ ಹಗ್ಗ, ಶಾಮಿಯಾನದ ಹಗ್ಗ ಎಲ್ಲ ಸಿಗುತ್ತವೆ. ಇಲ್ಲದ್ದು ಒಂದೇ, ಅಳೆಯುವ ಟೇಪು. ಕಲ್ಯಾಣಪ್ಪ ಎರಡೂ ತೋಳು ಚಾಚುತ್ತಾನೆ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು ಎನ್ನುತ್ತಾನೆ, ಮುಗಿಯಿತು. ಯಾರಾದರೂ ಮನೆಗೊಯ್ದು ಮತ್ತೆ ಅಳೆದರೆಂದು ಕಿವಿಗೆ ಬಿದ್ದರೆ ಅವರಿಗೆ ಮುಂದಿನ ಸಲ ಚಹಾ ಇಲ್ಲ. ಅಂಥ ಹಮ್ಮು. ಆ ಹಮ್ಮಿಗೆ ಕಾರಣವೂ ಇತ್ತು ಅನ್ನಿ: ಒಂದು ಗೇಣು ಕಡಿಮೆ ಕೊಟ್ಟನೆಂದು ಇಡೀ ಓಣಿಯಲ್ಲಿ ಯಾರೂ ಅವನತ್ತ ಬೆರಳು ತೋರಿಸಿದ್ದಿಲ್ಲ.

ಆದರೆ ಎರಡು ವರ್ಷಗಳಿಂದ ಅವನ ಎಡ ಹೆಗಲು ಹಿಡಿದುಕೊಂಡಿತ್ತು. ಹೆಂಡತಿ ಬಸಲಿಂಗಮ್ಮ ದಿನಾ ಎಣ್ಣೆ ಕಾಸಿ ತಿಕ್ಕುತ್ತಿದ್ದಳು. ಈ ಸಂಗತಿ ಮನೆಯ ಹೊಸ್ತಿಲು ದಾಟಕೂಡದೆಂದು ಅವನು ಅವಳಿಗೆ ತಾಕೀತು ಮಾಡಿದ್ದ.

ಒಂದು ಶನಿವಾರ ಅನ್ವಿತಾ ಬಂದಳು. ಉಡುಪಿ ಕಡೆಯ ಹುಡುಗಿ, ಊರಿನ ಇನ್ನೊಂದು ತುದಿಯ ಉಪ್ಪಲಿನಲ್ಲಿ ಕಂಪ್ಯೂಟರ್ ಕೆಲಸ. ಭಾನುವಾರ ಬಂತೆಂದರೆ ಊರ ಹೊರಗಿನ ಕೆರೆಗೆ ಹೋಗಿ, ಕಾಲಿಗೆ ಹಲಗೆ ಕಟ್ಟಿಕೊಂಡು, ಮೋಟಾರ್ ದೋಣಿಯ ಹಿಂದೆ ಹಗ್ಗ ಹಿಡಿದು ನೀರ ಮೇಲೆ ಜಾರುವುದು ಅವಳ ಹುಚ್ಚು. ಮರುದಿನವೇ ಕ್ಲಬ್ಬಿನ ಪ್ರದರ್ಶನ. ಒಂದೇ ದೋಣಿಯ ಹಿಂದೆ ಮೂವರು ಹುಡುಗಿಯರು ಕೈ ಕೈ ಹಿಡಿದು ಜಾರಬೇಕು. ಹಳೆಯ ಹಗ್ಗಗಳು ಬಿಸಿಲಿಗೆ ಪುಡಿಯಾಗಿದ್ದವು, ತರಿಸಿದ ಹೊಸವು ಬಂದಿರಲಿಲ್ಲ.

ಇಂಥದೊಂದು ಆಟ ಇದೆಯೆಂದೇ ಕಲ್ಯಾಣಪ್ಪನಿಗೆ ಗೊತ್ತಿರಲಿಲ್ಲ. ಆದರೆ ಹಗ್ಗ ಗೊತ್ತಿತ್ತಲ್ಲ! ನೈಲಾನಿನ ಸುರುಳಿ ತೆಗೆದು, ಒಮ್ಮೆ ಜಗ್ಗಿ, ತಾನೇ ಒಳಗಿಟ್ಟ.

“ಇದು ಬ್ಯಾಡ ಯವ್ವಾ. ರಬ್ಬರಿನಂಗ ಜಗ್ಗತೈತಿ, ಕೈ ಬಿಟ್ಟರ ಸರ್ರಂತ ಹೋಗಿ ದೋಣ್ಯಾಗ ಕುಂತವರ ಮಾರಿಗೆ ಬಡೀತೈತಿ. ಮ್ಯಾಲೆ ನೀರಾಗ ಮುಳುಗತೈತಿ. ದೋಣಿ ಪಂಖಾಕ್ಕ ಸುತ್ತಿಕೊಂಡರ ಮುಗದs ಹೋತು.”

ನೀರಲ್ಲಿ ತೇಲುವ, ಜಗ್ಗದ ಹಳದಿ ಪ್ಲಾಸ್ಟಿಕ್ ಹಗ್ಗ ಆರಿಸಿದ. ದೋಣಿಗೆ ಸಿಕ್ಕಿಸಲು ಜೋಕಾಲಿಯ ಕೊಕ್ಕೆ ಸಾಕಾ ಎಂದು ಅವಳು ಕೇಳಿದ್ದಕ್ಕೆ ಹೌಹಾರಿದ.

“ಬಾಯಿ ತೆರೆದ ಕೊಕ್ಕಿ ಬ್ಯಾಡ. ಮೂರು ಮಂದಿ ಒಮ್ಮೆಗೇ ನೀರಾಗಿಂದ ಏಳೂ ಮುಂದ ಎಷ್ಟು ಭಾರ ಬೀಳತೈತಿ ಗೊತ್ತೇನು? ತಿರುಪು ಹಾಕಿ ಬಾಯಿ ಮುಚ್ಚೋ ಉಕ್ಕಿನ ಕೊಂಡಿ ಒಯ್ಯಿ. ಒಂದೊಂದು ಹಗ್ಗಕ್ಕ ಒಂದೊಂದು.”

ಅನ್ವಿತಾಳ ಕಣ್ಣು ಅರಳಿತು. “ಎಲ್ಲಾ ಸರಿ ಅಂಕಲ್. ಮೂರೂ ಒಂದೇ ಉದ್ದ ಇರಬೇಕು, ಅದೇ ಮುಖ್ಯ. ನನ್ನ ಬ್ಯಾಗಲ್ಲಿ ಟೇಪ್ ಉಂಟು.”

ಕಲ್ಯಾಣಪ್ಪನ ಮುಖ ಗಂಟಿಕ್ಕಿತು. “ಈ ಅಂಗಡ್ಯಾಗ ಟೇಪ್ ಹಿಡಿಯೂದಿಲ್ಲ. ನಮ್ಮಪ್ಪನ ಕೈ, ನನ್ನ ಕೈ. ಇಷ್ಟs.”

ಹಿರಿಯರ ಮಾತು. ಅವಳು ಟೇಪನ್ನು ಬ್ಯಾಗಿಗೆ ಹಾಕಿಕೊಂಡಳು.

ಒಂದೊಂದಕ್ಕೆ ಹದಿಮೂರು ಮಾರು. ಮೊದಲ ಹಗ್ಗ ಸುಸೂತ್ರ ಮುಗಿಯಿತು. ಎರಡನೆಯದಕ್ಕೆ ಹೆಗಲು ಉರಿಯತೊಡಗಿತು. ಮೂರನೆಯದಕ್ಕೆ ಅವನು ಹಲ್ಲು ಕಚ್ಚಿಕೊಂಡ. ಹುಡುಗಿಯ ಮುಂದೆ ಮುಖ ಕಿವುಚುವುದುಂಟೆ? ತೋಳನ್ನು ಪೂರ್ತಿ ಚಾಚುತ್ತಿದ್ದೇನೆಂದೇ ಅವನ ನಂಬಿಕೆ. ಖುಷಿಯಾದ ಅನ್ವಿತಾ, “ನಾಳೆ ನೀವೂ ಆಂಟಿಯೂ ಬರಲೇಬೇಕು” ಎಂದು ಕರೆದು ಹೋದಳು.

ಭಾನುವಾರ ಕಲ್ಯಾಣಪ್ಪ ಇಸ್ತ್ರಿಯ ಧೋತರ ಉಟ್ಟು, ಟೋಪಿ ಇಟ್ಟು, ಬಸಲಿಂಗಮ್ಮನನ್ನು ಕರೆದುಕೊಂಡು ಕೆರೆಯ ದಂಡೆಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತ. ಪಕ್ಕದ ಅಪರಿಚಿತನಿಗೂ, “ಹಗ್ಗ ನಮ್ದೇ” ಎಂದು ಹಿಂದಿಯಲ್ಲಿ ಹೇಳಿಯಾಗಿತ್ತು.

ದೋಣಿ ಗರ್ಜಿಸಿತು. ಮೂವರೂ ಒಟ್ಟಿಗೆ ನೀರಿನಿಂದ ಎದ್ದರು. ಹಗ್ಗ ಹರಿಯಲಿಲ್ಲ, ಕೊಂಡಿ ಬಿಚ್ಚಲಿಲ್ಲ. ಕಲ್ಯಾಣಪ್ಪ ಚಪ್ಪಾಳೆ ತಟ್ಟಲು ಕೈಯೆತ್ತಿದ. ಆದರೆ ನಡುವೆ ಇದ್ದ ಅನ್ವಿತಾ ಉಳಿದಿಬ್ಬರಿಗಿಂತ ಮುಂದಿದ್ದಳು. ಎಡಬಲದವರು ಕೈ ಚಾಚಿದರು, ಸಿಗಲಿಲ್ಲ. ಅವಳು ಹಿಂದಕ್ಕೆ ಬಾಗಿ ತಾನೇ ಕೈ ಚಾಚಿದಳು, ಜೋಲಿ ತಪ್ಪಿ ನೀರಿಗೆ ಬಿದ್ದಳು. ಗಾಬರಿಯಾಗಿ ಉಳಿದಿಬ್ಬರೂ ಬಿದ್ದರು. ಪೆಟ್ಟಾಗಲಿಲ್ಲ, ಪುಣ್ಯ. ಆದರೆ ನೆರೆದ ಜನ ಗೊಳ್ಳೆಂದು ನಕ್ಕಿತು.

ದಂಡೆಗೆ ಬಂದವರು ಮೂರೂ ಹಗ್ಗಗಳನ್ನು ಹುಲ್ಲಿನ ಮೇಲೆ ಜೋಡಿಸಿಟ್ಟರು. ಎರಡನೆಯದು ಮೊದಲನೆಯದಕ್ಕಿಂತ ಒಂದು ಮೊಳ ಗಿಡ್ಡ. ಅನ್ವಿತಾ ಹಿಡಿದಿದ್ದ ಮೂರನೆಯದು ಅದಕ್ಕಿಂತಲೂ ಎರಡು ಮೊಳ ಗಿಡ್ಡ.

ಕಲ್ಯಾಣಪ್ಪನ ಕಿವಿ ಬಿಸಿಯಾದವು. ಬಾಯಿ ತಾನಾಗಿಯೇ ತೆರೆಯಿತು. “ನೀರಾಗ ನೆಂದರ ಕುಗ್ಗತೈತ್ಯವ್ವಾ. ಹಗ್ಗದ ಗುಣಾನ ಹಂಗ.”

ನಾರಿನ ಹಗ್ಗ ಕುಗ್ಗೀತು, ಪ್ಲಾಸ್ಟಿಕ್ ಕುಗ್ಗುತ್ತದೆಯೆ? ಅವನಿಗೂ ಗೊತ್ತು, ಅವಳಿಗೂ ಗೊತ್ತು. ಒದ್ದೆ ಕೂದಲು ಹಿಂಡುತ್ತ ಅನ್ವಿತಾ ಮೆಲ್ಲಗೆ, “ಇರಬಹುದು ಅಂಕಲ್” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆ ಹುಡುಗಿ ಅವನ ಮಾನ ಮುಚ್ಚಿದ್ದೇ ಅವನನ್ನು ಸುಟ್ಟಿತು.

ಆಟೋದಲ್ಲಿ ಬಸಲಿಂಗಮ್ಮ ಒಂದೇ ಮಾತು ಕೇಳಿದಳು. “ಹೆಗಲು ನೂಸ್ತೈತಿ ಅಂತ ಅಂದಿದ್ದರ ಏನಾಗತಿತ್ರಿ?”

ನಾಚಿಕೆಯಿಂದ ಅವನ ಮೈಯೆಲ್ಲ ಹಿಡಿಯಾಗಿತ್ತು. ಈ ಎರಡು ವರ್ಷ ಎಷ್ಟು ಮಂದಿಗೆ ಗಿಡ್ಡ ಹಗ್ಗ ಕೊಟ್ಟೆ, ಯಾರ ಕೊಡ ನೀರು ಮುಟ್ಟದೆ ಮೇಲೆಯೇ ತೂಗಿತು ಎಂದು ಒಳಗೇ ಬೇಯುತ್ತ ಕುಳಿತ.

ಸೋಮವಾರ ಬೆಳಿಗ್ಗೆ, ಗುರುತಿನವರು ಕಾಣಬಾರದೆಂದು ಎರಡು ಓಣಿ ದಾಟಿ ಹೋಗಿ ಟೇಪು ಕೊಂಡು ತಂದ. ಕದ ಅರ್ಧ ಎಳೆದುಕೊಂಡು, ಅದರಿಂದಲೇ ಅಳೆದು ಮೂರು ಹೊಸ ಹಗ್ಗ ಕತ್ತರಿಸಿದ. ಯಾವುದಾದರೂ ಆಟೋದವನ ಕೈಯಲ್ಲಿ ಕಳಿಸಿದರಾಯಿತು, ಆ ಹುಡುಗಿಯ ಮುಖ ನೋಡುವುದು ತಪ್ಪುತ್ತದೆ ಎಂಬುದು ಅವನ ಲೆಕ್ಕ.

ಅಷ್ಟರಲ್ಲಿ ಶಾಮಿಯಾನದ ಚನ್ನಬಸಪ್ಪ ಕದ ಸರಿಸಿ ಒಳಗೆ ಬಂದ. ಹಳೆಯ ಗಿರಾಕಿ. “ಹನ್ನೊಂದು ಮಾರು ಕೊಡ್ರಿ ಸಾಹುಕಾರ್ರ.”

“ನಿಮ್ಮ ಡೇರೆಗೆ ಹತ್ತು ಸಾಕಲ್ರಿ? ಮೊದಲೆಲ್ಲ ಹತ್ತs ಒಯ್ಯತಿದ್ರಿ.”

ಚನ್ನಬಸಪ್ಪ ಕಲ್ಯಾಣಪ್ಪನ ಕೈಯಲ್ಲಿದ್ದ ಟೇಪು ನೋಡಿದ. ಆಮೇಲೆ ತಲೆ ತಗ್ಗಿಸಿದ.

“ನಿಮ್ಮ ಹೆಗಲಿನ ಸುದ್ದಿ ಓಣಿಗೆಲ್ಲಾ ಗೊತ್ತೈತ್ರಿ. ಎಲ್ಲಾರೂ ಒಂದು ಮಾರು ಹೆಚ್ಚಿಗೀನs ಹೇಳತೀವಿ. ನಿಮ್ಮ ಮುಂದ ಟೇಪ್ ತಗಿಯಾಕ ಯಾರಿಗೆ ಮನಸ್ಸು ಬರತೈತ್ರಿ?”

ಕಲ್ಯಾಣಪ್ಪ ಸ್ಟೂಲಿನ ಮೇಲೆ ಕುಳಿತ. ಮೋಸ ಹೋದವರೇ ಇಷ್ಟು ದಿನ ಅವನ ಹೆಸರು ಕಾಯುತ್ತ ಬಂದಿದ್ದರು. ಎದ್ದು, ಟೇಪಿನ ಒಂದು ತುದಿಯನ್ನು ಚನ್ನಬಸಪ್ಪನ ಕೈಗೆ ಕೊಟ್ಟ.

“ಹಿಡೀರಿ. ಇನ್ನ ಹತ್ತು ಕೇಳಿದರ ಹತ್ತs ಸಿಗತೈತಿ. ಹತ್ತು ಮಾರಿಂದs ರೊಕ್ಕ ಕೊಡ್ರಿ.”

ಅಳೆದು ಕೊಟ್ಟು, ಮೂರು ಹಳದಿ ಸುರುಳಿಗಳನ್ನು ಬಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕಿದ.

“ಎಲ್ಲಿಗ್ರಿ ಇಷ್ಟೊತ್ತನ್ಯಾಗ?” ಚನ್ನಬಸಪ್ಪ ಕೇಳಿದ.

“ಉಪ್ಪಲಿಗೆ. ಒಂದು ಹುಡುಗಿ ಮುಂದ ಸುಳ್ಳು ಹೇಳೀನ್ರಿ.”