ಅಕ್ಕಸಾಲಿಗನ ಮನೆಯಲ್ಲಿ ಗುಡಿಸಿದವರು

ಕಳೆದ ತಿಂಗಳು ನನ್ನ ದವಡೆಹಲ್ಲಿನ ಹಳೆಯ ಬೆಳ್ಳಿ ಫಿಲ್ಲಿಂಗ್ ಬಿರುಕು ಬಿಟ್ಟಿತು. ಇಲ್ಲಿ ಷಾರ್ಲೆಟ್‌ನ ಬ್ಯಾಲಂಟೈನ್ ಬಡಾವಣೆಯ ಡೆಂಟಿಸ್ಟ್ ಅದನ್ನು ಕೊರೆದು ತೆಗೆಯುವಾಗ ಬಾಯೊಳಗಿಂದ ಸುಟ್ಟ ಲೋಹದ ವಾಸನೆ ಬಂತು. ಮೂಗಿನಲ್ಲೇ ಉಸಿರಾಡಿ, ಇದರಲ್ಲಿ ಪಾದರಸ ಇರುತ್ತೆ ಎಂದು ಆಕೆ ಸಹಜವಾಗಿ ಹೇಳಿದಳು. ನಾನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ನೋವೇನೂ ಇರಲಿಲ್ಲ. ಹಿಂದೆ ವಾಷಿಂಗ್ಟನ್ ಹತ್ತಿರದ ರಾಕ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ, ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟೇ ಸರಿಸಿ ಹೊರಗೆ ನೋಡುತ್ತ ನಿಂತಿರುತ್ತಿದ್ದದ್ದು ಕಣ್ಣಿಗೆ ಬಂತು...

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಗಂಡನಿಗೆ ಅಟ್ಲಾಂಟಾದಲ್ಲಿ ಪ್ರಾಜೆಕ್ಟು, ಮನೆಗೆ ಬರುತ್ತಿದ್ದದ್ದು ವಾರಾಂತ್ಯಕ್ಕೆ. ಮಗಳು ಸ್ಕೂಲ್ ಬಸ್ಸಿಳಿದರೆ ನಾನು ಬರುವವರೆಗೆ ಇಟ್ಟುಕೊಳ್ಳಲು ಯಾರೂ ಇರಲಿಲ್ಲ. ಪಕ್ಕದ ಮನೆಯ ಅಮೆರಿಕನ್ ದಂಪತಿ ತಾವಾಗಿಯೇ ಕೇಳಿ ಆ ಹೊಣೆ ಹೊತ್ತರು. ಅವರಿಗೆ ಮಕ್ಕಳಿರಲಿಲ್ಲ. ಮಗಳಿಗೆ ನಾನು ಅವರನ್ನು ಅಜ್ಜ, ಅಜ್ಜಿ ಎಂದು ಕರೆಯಲು ಹೇಳಿಕೊಟ್ಟೆ. ಆ ಶಬ್ದದ ಅರ್ಥ ತಿಳಿದ ದಿನ ಅಜ್ಜಿ ಅದನ್ನು ಬಾಯಲ್ಲಿ ಎರಡು ಮೂರು ಸಲ ಹೇಳಿ ನೋಡಿ, ನಕ್ಕಿದ್ದರು.

ಅಜ್ಜ ಬೆಳ್ಳಿ ಕೆಲಸದವರು. ವಾಷಿಂಗ್ಟನ್ ಸುತ್ತಮುತ್ತಲ ಚರ್ಚುಗಳು ಹಳೆಯ ಬಟ್ಟಲುಗಳನ್ನು ಅವರಲ್ಲಿಗೆ ರಿಪೇರಿಗೆ ಕಳಿಸುತ್ತಿದ್ದವು. ಹೊರಗೆ ಬೆಳ್ಳಿ, ಒಳಗೆ ಚಿನ್ನದ ಗಿಲೀಟು. ಬೇರೆಯವರು ಕರೆಂಟ್ ಹಾಯಿಸಿ ಗಿಲೀಟು ಮಾಡಿದರೆ, ಅಜ್ಜ ತಮ್ಮ ಮನೆತನದ ಹಳೆಯ ಕ್ರಮ ಬಿಟ್ಟಿರಲಿಲ್ಲ. ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಬೆಣ್ಣೆಯಂತೆ ಮಾಡಿ, ಬೆಳ್ಳಿಗೆ ಸವರಿ, ಕೆಂಡದ ಮೇಲೆ ಕಾಯಿಸುವುದು. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಇದೆಲ್ಲ ನಡೆಯುತ್ತಿದ್ದದ್ದು ಅವರ ಬೇಸ್‌ಮೆಂಟಿನಲ್ಲಿ. ಬೇಸಿಗೆಯಲ್ಲಿ ಕಿಟಕಿ ತೆರೆದಿರುತ್ತಿತ್ತು. ಚಳಿಗಾಲದಲ್ಲಿ ಮುಚ್ಚಿರುತ್ತಿತ್ತು. ಕೆಲಸ ಮುಗಿದ ಮೇಲೆ ಅಜ್ಜಿ ಕೆಳಗಿಳಿದು ಅಲ್ಲಿನ ಕಾರ್ಪೆಟ್ಟಿಗೆ ವ್ಯಾಕ್ಯೂಮ್ ಮಾಡಿ, ನೆಲಕ್ಕೆ ಬಿದ್ದ ಚಿನ್ನದ ಪುಡಿ ಹಾಳಾಗದಂತೆ ಆ ಧೂಳನ್ನೆಲ್ಲ ಒಂದು ಡಬ್ಬಿಯಲ್ಲಿ ತೆಗೆದಿಡುತ್ತಿದ್ದರು.

ಒಂದು ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನಮ್ಮನ್ನೂ ಕರೆದರು. ಊಟವಾದ ಮೇಲೆ ಅಜ್ಜ ತಮ್ಮ ಮೂಲಪುರುಷನ ಕಥೆ ತೆಗೆದರು. ಪ್ರತಿವರ್ಷ, ಬಂದವರಿಗೆಲ್ಲ ಹೇಳುವ ಕಥೆಯಂತೆ ಅದು.

ಮುನ್ನೂರು ವರ್ಷಕ್ಕೂ ಹಿಂದೆ ಆತ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಕ್ಕಸಾಲಿಗನಾಗಿದ್ದ. ದೊಡ್ಡ ಚರ್ಚಿನ ಗೋಡೆಗೆ ಅಂಟಿಕೊಂಡ ಗೂಡಿನಂಥ ಅಂಗಡಿ. ಹುಡುಗನಾಗಿದ್ದಾಗ ಅಲ್ಲಿ ಕೆಲಸ ಕಲಿಯಲು ಸೇರಿ, ದೊಡ್ಡವನಾಗಿ ಗುರುವಿನ ಮಗಳನ್ನೇ ಮದುವೆಯಾದ. ಅವನ ಕೈಯ ಬಟ್ಟಲುಗಳಿಗೆ ದೊಡ್ಡ ದೊಡ್ಡ ಮನೆಗಳಿಂದ ಕೇಳಿ ಬರುತ್ತಿದ್ದರು. ಮೂವರು ಗಂಡುಮಕ್ಕಳು. ಹಿರಿಯ ಮಗ ಗಿಲೀಟಿನ ಕೆಲಸಕ್ಕೆ ಕೂತ ಕೆಲವು ವರ್ಷಕ್ಕೆ ಅವನ ಕೈ ನಡುಗಲು ಶುರುವಾಗಿ, ಉಳಿ ಹಿಡಿಯಲಾಗದಂತಾಯಿತು. ಎರಡನೆಯವನು ಒಂದು ದಿನ ಅಪ್ಪನ ಮೇಲೆ ಸುತ್ತಿಗೆ ಎಸೆದು, ಆಮೇಲೆ ಜನರ ಮುಖ ನೋಡಲು ಹೆದರಿ ಕೋಣೆ ಬಿಟ್ಟು ಬರಲೇ ಇಲ್ಲ. ತಾಯಿ ತನ್ನಷ್ಟಕ್ಕೇ ಗೊಣಗುವುದನ್ನು ನೆರೆಯವರು ಕಂಡರು. ಮಾಟಗಾತಿಯರನ್ನು ಹುಡುಕಿ ಹಿಡಿಯುತ್ತಿದ್ದ ಕಾಲ. ಊರು ಅವಳತ್ತ ಬೊಟ್ಟು ಮಾಡಿತು. ಚರ್ಚಿನ ಹಿರಿಯರು ಗಂಡನನ್ನು ಕರೆಸಿ ಕೇಳಿದರು. ಮಗ ಕೆಲಸಕ್ಕೆ ಕೂರುವ ಜಾಗದಲ್ಲಿ ಅವಳು ಬಗ್ಗಿ ಏನೋ ಗೊಣಗುತ್ತಿದ್ದದ್ದನ್ನು ಕಂಡಿದ್ದೇನೆಂದು ಅಕ್ಕಸಾಲಿಗ ಸಾಕ್ಷಿ ಹೇಳಿದ. ಅವಳನ್ನು ಕೋಟೆಯ ಗುಡ್ಡದ ಮೇಲೆ ಕತ್ತು ಬಿಗಿದು ಕೊಂದು ಸುಟ್ಟರು. ಮೂರನೆಯ ಮಗ ಅಪ್ಪನ ಹತಾರಗಳ ಪೆಟ್ಟಿಗೆ ಹೊತ್ತು ಹಡಗು ಹತ್ತಿ ಅಮೆರಿಕಕ್ಕೆ ಬಂದ.

"ಆ ತಾಯಿಯ ಶಾಪ ಸಮುದ್ರ ದಾಟಿ ಬಂತು. ನಮ್ಮಲ್ಲಿ ಈ ಕೆಲಸಕ್ಕೆ ಕೂತವನ ಕೈ ಎಂದಾದರೂ ನಡುಗಲೇಬೇಕು" ಎಂದು ಅಜ್ಜ ತಮ್ಮ ಬಲಗೈ ಎತ್ತಿ ತೋರಿಸಿದರು. ಬೆರಳುಗಳು ಸಣ್ಣಗೆ ಅದುರುತ್ತಿದ್ದವು. ಆದರೆ ನನ್ನ ಕಣ್ಣು ಹೋದದ್ದು ಎದುರಿಗಿದ್ದ ಅಜ್ಜಿಯ ಕಡೆಗೆ. ಅವರು ತಮ್ಮ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡರು.

ಆ ಚಳಿಗಾಲದಲ್ಲಿ ಅಜ್ಜಿ ಬದಲಾಗುತ್ತ ಹೋದರು. ಫೋನ್ ಗಂಟೆಗೆ ಬೆಚ್ಚುವರು. ಬಾಗಿಲು ತಟ್ಟಿದರೆ ತೆರೆಯದೆ ಪರದೆಯ ಸಂದಿಯಿಂದ ನೋಡುವರು. ಕಾಫಿ ಬಟ್ಟಲು ಸಾಸರಿಗೆ ತಾಗಿ ಕಟಕಟ ಎನ್ನುವುದು ಪಕ್ಕದ ಕೋಣೆಯವರೆಗೂ ಕೇಳುವುದು. ಚರ್ಚಿನ ಹಾಡಿನ ಗುಂಪಿನಲ್ಲಿ ಮುಂದೆ ನಿಂತು ಹಾಡುತ್ತಿದ್ದ ಹೆಂಗಸು, ಕಸದ ಡಬ್ಬಿ ಹೊರಗಿಡುವುದಕ್ಕೂ ರಸ್ತೆಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಬರುತ್ತಿದ್ದರು. ವಯಸ್ಸಾಯಿತು ಎಂದರು ಅಜ್ಜ. ನನ್ನ ಮಗಳನ್ನು ಮಾತ್ರ ಅಜ್ಜಿ ಮೊದಲಿನಂತೆಯೇ ತಬ್ಬಿಕೊಳ್ಳುತ್ತಿದ್ದರು. ಆದ್ದರಿಂದ ನಾನೂ ಹಾಗೇ ಇರಬಹುದು ಎಂದುಕೊಂಡೆ...

ಒಂದು ಸಂಜೆ ಮಗಳು ಕ್ಯಾಮೆರಾ ಫಿಲ್ಮಿನ ಪುಟ್ಟ ಡಬ್ಬಿ ತಂದು ಅಡುಗೆಮನೆಯ ಕೌಂಟರ್ ಮೇಲೆ ಬಗ್ಗಿಸಿದಳು. ಬೆಳ್ಳಿಯ ಹನಿಗಳು ಉರುಳಿ, ಒಂದನ್ನೊಂದು ನುಂಗಿ ಒಂದೇ ಗುಂಡಾದವು.

"ಅಮ್ಮ, ಲುಕ್, ಇದು ಓಡತ್ತೆ. ಅಜ್ಜಿ ಗೇವ್ ಇಟ್ ಟು ಮಿ. ಕಾರ್ಪೆಟ್‌ನಲ್ಲಿ ತುಂಬಾ ಇದೆ."

ಲ್ಯಾಬಿನಲ್ಲಿ ಥರ್ಮಾಮೀಟರ್ ಒಡೆದರೆ ಕೋಣೆ ಖಾಲಿ ಮಾಡಿಸುತ್ತಿದ್ದರು. ಇಲ್ಲಿ ನನ್ನ ಮಗಳು ದಿನವೂ ಅವರ ಬೇಸ್‌ಮೆಂಟಿನ ಆ ಕಾರ್ಪೆಟ್ಟಿನ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಅವಳ ಕೈ ತೊಳೆಸುತ್ತಿರುವಾಗಲೇ ಅಜ್ಜನ ಕಥೆ ನೆನಪಾಯಿತು. ಶಾಪ ಆ ಮನೆತನದ ರಕ್ತಕ್ಕೆ ತಾನೆ? ಅಜ್ಜಿ ಆ ರಕ್ತದವರೇ ಅಲ್ಲವಲ್ಲ. ಅವರ ಕೈ ಯಾಕೆ ನಡುಗಬೇಕು?

ಮಾರನೆಯ ದಿನವೇ ಮಗಳನ್ನು ಡಾಕ್ಟರಿಗೆ ತೋರಿಸಿ, ಟೆಸ್ಟಿಗೆ ಕೊಟ್ಟು, ಅಜ್ಜನ ಬಳಿ ಹೋದೆ. ಪಾದರಸದ ಆವಿ ನರಗಳಿಗೆ ಇಳಿಯುತ್ತದೆ, ನಡುಕ, ಹೆದರಿಕೆ, ಸಿಡುಕು ಎಲ್ಲ ಅದರಿಂದಲೇ ಬರುತ್ತದೆ, ನೀವಿಬ್ಬರೂ ಟೆಸ್ಟ್ ಮಾಡಿಸಿಕೊಳ್ಳಿ ಎಂದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತಮ್ಮ ಅಪ್ಪ ಎಂಬತ್ತು ದಾಟಿ ಬದುಕಿದ್ದರೆಂದು ಕೂಗಾಡಿ ಬಾಗಿಲು ಹಾಕಿಕೊಂಡರು. ಇನ್ನು ಮಗಳನ್ನು ಅಲ್ಲಿಗೆ ಕಳಿಸುವಂತಿರಲಿಲ್ಲ. ಅವಳು ಅಜ್ಜಿ ಬೇಕೆಂದು ಅತ್ತಳು.

ವಾರ ಕಳೆದಿರಬೇಕು. ಅಜ್ಜ ಹೊರಗೆ ಹೋಗಿದ್ದ ಹೊತ್ತಿನಲ್ಲಿ ಅಜ್ಜಿ ಮನೆಯ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ನಮ್ಮ ಹಿಂಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಚೌಕಟ್ಟು ಹಿಡಿದು ನಿಂತು, "ನೀನು ಹೇಳಿದ ಟೆಸ್ಟಿಗೆ ನನ್ನನ್ನು ಕರೆದುಕೊಂಡು ಹೋಗು. ಅವರಿಗೆ ಮಾತ್ರ ಹೇಳಬೇಡ" ಎಂದರು. ನಾನು ಅಲ್ಲಿಂದಲೇ ಕಾರಿನ ಕೀ ತೆಗೆದುಕೊಂಡೆ. ದಾರಿಯುದ್ದಕ್ಕೂ ಅವರು ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದಿದ್ದರು.

ಮಗಳ ರಿಪೋರ್ಟಿನಲ್ಲಿ ಪಾದರಸ ಸ್ವಲ್ಪ ಹೆಚ್ಚಿತ್ತು. ಆ ಮನೆಯಿಂದ ದೂರವಿದ್ದರೆ ತಾನಾಗಿ ಇಳಿಯುತ್ತದೆ ಎಂದರು, ಇಳಿಯಿತು. ಅಜ್ಜಿಯ ರಿಪೋರ್ಟ್ ನೋಡಿದ ಡಾಕ್ಟರು ಮಾತ್ರ ಮನೆಗೆ ಕಳಿಸಲೇ ಇಲ್ಲ, ಆಸ್ಪತ್ರೆಗೆ ಸೇರಿಸಿದರು. ಅಜ್ಜನಿಗೆ ವಿಷಯ ಹೇಳುವುದು ನನ್ನ ಪಾಲಿಗೆ ಬಂತು.

ಅವರು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದರು. ಈ ಸಲ ಕೂಗಾಡಲಿಲ್ಲ. ಪಾದರಸ ಕಾಯಿಸುವವನು ನಾನು, ಅವಳಿಗೆ ಯಾಕೆ ಹೆಚ್ಚು ಹತ್ತಿತು ಎಂದು ಕೇಳಿದರು. ವ್ಯಾಕ್ಯೂಮ್ ಮಾಡುವಾಗ ಕಾರ್ಪೆಟ್ಟಿನೊಳಗೆ ಇಳಿದದ್ದೆಲ್ಲ ಆವಿಯಾಗಿ ಮೇಲೇಳುತ್ತದೆ, ದಿನಾ ಆ ಕೆಲಸ ಮಾಡುತ್ತಿದ್ದವರು ಅವರೇ ಅಲ್ಲವೇ ಎಂದೆ. ಅವರು ಕೆಳಗಿನ ಕತ್ತಲೆಯ ಕಡೆ ತಿರುಗಿದರು.

"ಹಾಗಾದರೆ ಆಕೆಯೂ ಗುಡಿಸುತ್ತಿದ್ದಳು" ಎಂದರು. "ಮಗನ ಜಾಗದಲ್ಲಿ ಬಗ್ಗಿ ಅವಳು ಚಿನ್ನದ ಧೂಳು ಗುಡಿಸುತ್ತಿದ್ದಳು."

ಅವರು ಹೇಳುತ್ತಿದ್ದದ್ದು ಎಡಿನ್‌ಬರೋದ ಆ ಹೆಂಗಸಿನ ವಿಷಯ ಎಂದು ನನಗೆ ಅರ್ಥವಾಗಲು ಕ್ಷಣ ಹಿಡಿಯಿತು.

ಕೌಂಟಿಯ ಆರೋಗ್ಯ ಇಲಾಖೆಯವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಂದು ಕಾರ್ಪೆಟ್ಟು, ಬೆಂಚು, ಹತಾರಗಳ ಪೆಟ್ಟಿಗೆ ಎಲ್ಲವನ್ನೂ ಮುಚ್ಚಿದ ಡ್ರಮ್ಮುಗಳಲ್ಲಿ ಒಯ್ದರು. ಅಜ್ಜ ಅಂಗಳದಲ್ಲಿ ನಿಂತು ನೋಡಿದರು. ಅಜ್ಜಿಯ ನಡುಕ ಎಷ್ಟೋ ತಗ್ಗಿತು, ಆದರೆ ಅವರು ಮನೆಗೆ ಮರಳಲಿಲ್ಲ. ನರ್ಸಿಂಗ್ ಹೋಮಿನಲ್ಲಿದ್ದರು. ಅಜ್ಜ ದಿನವೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. ಮತ್ತೆ ಯಾವ ಥ್ಯಾಂಕ್ಸ್‌ಗಿವಿಂಗ್‌ನಲ್ಲೂ ಅವರು ಆ ಕಥೆ ಹೇಳಲಿಲ್ಲ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅಜ್ಜ ಕಿಡ್ನಿ ಹೋಗಿ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ನಾನು ಅಜ್ಜಿಯನ್ನು ನೋಡಲು ಹೋದೆ. ಅಳುತ್ತಾರೆ ಎಂದುಕೊಂಡಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ನನ್ನ ಕೈ ಹಿಡಿದುಕೊಂಡರು.

"ಒಳ್ಳೆಯ ಮನುಷ್ಯ. ನನ್ನ ಮೇಲೆ ಸಾಕ್ಷಿ ಹೇಳಲಿಲ್ಲ" ಎಂದರು.

ಅವರೇ ಮುಂದುವರಿಸಿದರು. "ಮದುವೆಯಾದ ವರ್ಷದಿಂದ ಆ ಕಥೆ ಕೇಳಿದ್ದೇನೆ. ನನ್ನ ಕೈ ನಡುಗಿದ ದಿನ ಗೊತ್ತಾಯಿತು, ಇನ್ನು ನನ್ನನ್ನೂ ಹುಡುಕಿಕೊಂಡು ಬರುತ್ತಾರೆ ಅಂತ."

ಆಮೇಲೆ ನಾವು ಷಾರ್ಲೆಟ್‌ಗೆ ಬಂದುಬಿಟ್ಟೆವು. ಪ್ರತಿವರ್ಷ ಅಜ್ಜಿಗೆ ಕ್ರಿಸ್‌ಮಸ್ ಕಾರ್ಡು ಕಳಿಸುತ್ತಿದ್ದೆ. ಒಂದು ವರ್ಷ ಅದು ಹಾಗೇ ಮರಳಿ ಬಂತು. ಮಗಳಿಗೆ ಈಗ ಅಜ್ಜಿಯ ಕುಕೀಗಳಷ್ಟೇ ನೆನಪು. ನನಗೆ ಮಾತ್ರ ಈಚೆಗೆ ಅವರು ಆ ಥ್ಯಾಂಕ್ಸ್‌ಗಿವಿಂಗ್ ಮೇಜಿಗೆ ಟರ್ಕಿ ಕೋಳಿ ತಂದಿಟ್ಟು, ಎಲ್ಲರಿಗೂ ಬಡಿಸಿ, ತಮ್ಮ ಕುರ್ಚಿಯಲ್ಲಿ ಕೂತು, ಗಂಡ ಕಥೆ ಶುರುಮಾಡುವುದನ್ನು ಕಾಯುತ್ತಿದ್ದದ್ದು ಮತ್ತೆ ಮತ್ತೆ ಕಾಣಿಸುತ್ತಿದೆ. ಆ ಹೆದರಿಕೆ ಇಟ್ಟುಕೊಂಡು ಎಷ್ಟು ವರ್ಷ ಹಾಗೆ ಬಡಿಸಿದಿರಿ ಎಂದು ಅಂದು ಕೇಳಬಹುದಿತ್ತು. ಈಗ ಕೇಳಲು ಅವರಿಲ್ಲ.