ಉಡಿಗೆ ಬಿದ್ದ ಚೆಂಡು

ನನ್ನ ಮೊಮ್ಮಗಳು ಗೆದ್ದಳು! ಮಗ ಕೆಲಸಕ್ಕಿರುವ ಅರಬರ ನಾಡಿನ ಮಿರ್ದಿಫ್‌ನ ಮೈದಾನದಲ್ಲಿ, ಬೇಸ್‌ಬಾಲ್ ಎಂಬ ಆಟದಲ್ಲಿ, ಕೊನೆಯ ಹೊಡೆತ ಅವಳದೇ!

ಆಟ ಕಲಿಸುತ್ತಿದ್ದವರು ಅಮೆರಿಕದ ಒಬ್ಬ ಬಿಳಿಗಡ್ಡದ ಮೇಷ್ಟ್ರು. ಮಾತಿಗೊಮ್ಮೆ ಟೋಪಿ ತೆಗೆದು ತೊಡೆಗೆ ಬಡಿದುಕೊಳ್ಳುವರು. ನೂರು ವರ್ಷದ ಹಿಂದೆ ಅವರ ಊರಿನಲ್ಲಿ ಸಂಬಳದ ಆಟಗಾರರು ಆಡಿದ್ದ ಪಂದ್ಯವೊಂದರ ಕತೆ ಹೇಳಿ, ಅಂದು ಮಕ್ಕಳನ್ನೂ ಹಾಗೆಯೇ ಆಡಿಸಿದರು. ಆಗಿನಂತೆ ಉಣ್ಣೆಯ ಟೋಪಿ, ಆಗಿನಂತೆ ಇಡೀ ಆಟಕ್ಕೆ ಒಂದೇ ಚೆಂಡು. "ಒನ್ ಬಾಲ್, ಯಲ್ಲಾ!" ಎಂದು, ನಡೀರಿ ಎನ್ನುವುದನ್ನು ಅಲ್ಲಿಯ ಅರಬ್ಬಿಯಲ್ಲಿ ಸೇರಿಸಿ, ಕೂಗುತ್ತಲೇ ಇದ್ದರು.

ಇನ್ನೊಂದು ಓಟ ಬಂದರೆ ನಮ್ಮವರ ಗೆಲುವು. ಮೊಮ್ಮಗಳು ಹೊಡೆದ ಚೆಂಡು ಪಕ್ಕದ ಗೆರೆಯಾಚೆ ಹಾರಿ, ಲೆಕ್ಕಕ್ಕೆ ಬರದೆ, ಅಲ್ಲಿ ಕೂತಿದ್ದ ನನ್ನ ಉಡಿಗೇ ಬಿತ್ತು. ಉಡಿಗೆ ಬಿದ್ದದ್ದನ್ನು ಹಿಂದಕ್ಕೆ ಕೊಡುವುದುಂಟೇ? ಸೆರಗಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿದೆ. ಆಟ ನಿಂತಿತು.

"ಅಜ್ಜಿ, ಪ್ಲೀಸ್! ಇಟ್ಸ್ ಮೈ ಟರ್ನ್!" ಮೊಮ್ಮಗಳ ಕಣ್ಣಲ್ಲಿ ನೀರು.

"ಕೊಡಬೇ ಯವ್ವಾ, ಮಂದಿ ನಗಾಕತ್ತಾರ," ಎಂದ ಮಗ.

"ಉಡಿಯಾಗಿಂದು ಹ್ಯಾಂಗ ಕೊಡ್ಲೋ? ಬೇಕಂದ್ರ ಅವರೂ ಉಡಿ ಒಡ್ಡಲಿ!"

ಮಗ ನಾಚುತ್ತಲೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಮೇಷ್ಟ್ರು ನಗಲಿಲ್ಲ. ಟೋಪಿ ತೆಗೆದು ತೊಡೆಗೆ ಬಡಿದು, ನನ್ನ ಮುಂದೆ ಮಂಡಿಯೂರಿ ಅಂಗಿಯ ಅಂಚು ಒಡ್ಡಿದರು. ಚೆಂಡಿನ ಜೊತೆ ಬಾಳೆಹಣ್ಣೊಂದನ್ನೂ ಇಟ್ಟು ಉಡಿ ತುಂಬಿದೆ. ಮುಂದಿನ ಹೊಡೆತಕ್ಕೇ ಗೆಲುವು!

"ಉಡಿ ತುಂಬಿಸ್ಕೊಂಡಾಕಿ ಮನಿಮಗಳು. ಉಣ್ಣದ ಹೋಗಂಗಿಲ್ಲ!" ಎಂದು ಅವರನ್ನು ಮನೆಗೆ ಎಳೆದು ತಂದೆ. ಆ ಸಂಜೆ ನಮ್ಮೆಲ್ಲರ ನಡುವೆ ಚಕ್ಕಳಮಕ್ಕಳ ಕೂತು, ನನ್ನ ಗಡ್ಡದ ಮಗಳು ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು ಉಂಡಳು.