ಟ್ಯೂಬ್‌ಲೈಟಿಗೆ ಬಳಿದ ವಿಭೂತಿ

ಕಳೆದ ವಾರ ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಲ್ಯಾಪ್‌ಟಾಪೊಂದು ನನ್ನ ಮೂರು ಬೆರಳುಗಳ ಗುರುತನ್ನು ಪತ್ತೆ ಹಚ್ಚಿತು. ನಾನು ಕಳ್ಳನಲ್ಲ. ಆದರೆ ಆ ಕ್ಷಣ ನಿಂತದ್ದು ಮಾತ್ರ ಕಳ್ಳನ ಹಾಗೆಯೇ.

ಕಸ್ತೂರವ್ವನವರು ಆ ಶೆಡ್ಡಿನಲ್ಲಿ ಬಹುಕಾಲದಿಂದ ಸೀರೆ ನೇಯುವವರು. ಈಚೆಗೆ ಅವರ ಮಗ್ಗದಲ್ಲಿ ಹಾಸಿನ ಎಳೆ, ಅಂದರೆ ಉದ್ದಕ್ಕೆ ಹಾಯುವ ನೂಲು, ಹರಿದರೆ ಅವರಿಗೆ ಕಾಣುತ್ತಿರಲಿಲ್ಲ. ಮಗ್ಗ ಓಡುತ್ತಲೇ ಇರುತ್ತಿತ್ತು. ಸೀರೆಯ ಉದ್ದಕ್ಕೂ ಗೆರೆ ಬೀಳುತ್ತಿತ್ತು. ಶೆಡ್ಡಿನ ಮಾಲೀಕ ಮಹಾದೇವಪ್ಪ ತೀರ್ಪು ಕೊಟ್ಟರು: "ಅಕ್ಕಾರ ಕಣ್ಣ ಹೋದುವು. ಮಗ್ಗ ಸಾಕು, ಇನ್ನ ಕಂಡಿಕಿ ಸುತ್ಲಿ."

(ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಅದನ್ನು ಸುತ್ತುವುದು ಕಲಿಯಲು ಬಂದವರ ಕೆಲಸ. ಮಗ್ಗ ಬಿಟ್ಟು ಅಲ್ಲಿ ಕುಳಿತವರು ಮರಳಿ ಮಗ್ಗಕ್ಕೆ ಬಂದದ್ದನ್ನು ನಾನು ಕಂಡಿಲ್ಲ.)

ನಾನೇನು ಮಾಡಿದೆ? ಶ್ರಮಿಕರ ಪರ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದವನು, ನೇಕಾರರ ಕಣ್ಣುಗಳ ಬಗ್ಗೆ ಇದೇ ಅಂಕಣದಲ್ಲಿ ಮರುಗಿದವನು, ಅವರಿಗೊಂದು ಚಾಳೀಸು ಕನ್ನಡಕ ಕೊಡಿಸಿದೆ. ಜೊತೆಗೆ ವಿಶ್ರಾಂತಿಯ ಮಹತ್ವದ ಕುರಿತು ನಾಲ್ಕು ಮಾತು.

"ಕಣ್ಣ ಛಲೋ ಅದಾವ್ರೀ ಸರ್ರ. ಬೆಳಕ ಕಮ್ಮಿ ಐತಿ," ಎಂದರು ಅವರು.

ನಾನು ಮುಗುಳ್ನಕ್ಕೆ. ವಯಸ್ಸಾಯಿತೆಂದು ಯಾರು ತಾನೇ ಒಪ್ಪುತ್ತಾರೆ?

ಅವರ ಮಗಳು ರೇಖಾ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಬೆಳಕಿನ ಕಿರಣಗಳ ಜಾಡು ಹಿಡಿಯುವ ರೇ ಟ್ರೇಸಿಂಗ್ ಸಾಫ್ಟ್‌ವೇರ್ ಅವಳ ಪ್ರಾಜೆಕ್ಟ್. ಅದರಲ್ಲಿ ಯಾವ ವಸ್ತುವಿನ ಆಕಾರವನ್ನು ಬರೆದರೂ ಅದನ್ನು ದೀಪವಾಗಿಸಬಹುದಂತೆ. ಕೊಡ ಬರೆದು 'ಬೆಳಗು' ಎಂದರೆ ಕೊಡ ಬೆಳಗುತ್ತದೆ. ಬಳೆ ಬರೆದರೆ ಬಳೆ. ಅದರಿಂದ ಹೊರಟ ಲಕ್ಷಾಂತರ ಕಿರಣಗಳು ಎಲ್ಲಿ ಬಿದ್ದವು, ಎಲ್ಲಿ ಬೀಳಲಿಲ್ಲ ಎಂಬುದನ್ನು ಪರದೆ ತೋರಿಸುತ್ತದೆ.

ಅವಳು ಶೆಡ್ಡಿನ ಅಳತೆ ತೆಗೆದಳು. ಮಗ್ಗ ಬರೆದಳು, ಅದರ ಮೇಲೆ ನಾಲ್ಕು ಅಡಿಯ ಟ್ಯೂಬ್ ತೂಗು ಹಾಕಿದಳು. ಫಲಿತಾಂಶ? ಮಗ್ಗದ ಮೇಲೆ ಬೇಕಾದಷ್ಟು ಬೆಳಕು!

"ಯವ್ವಾ, ಕಂಪ್ಯೂಟರೂ ನಿನ್ನ ಕಣ್ಣ ಹೋಗ್ಯಾವ ಅನ್ನಾಕತ್ತೇತಿ," ಎಂದಳು ರೇಖಾ, ಅಳುವ ದನಿಯಲ್ಲಿ.

"ನೋಡ್ರಿ ಮತ್ತ! ನಾ ಕಾಲೇಜಿಗೆ ಹೋಗದನ ಹೇಳಿದ್ದೆ," ಎಂದು ಮಹಾದೇವಪ್ಪ ಎದೆಯುಬ್ಬಿಸಿದರು.

ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ಬೆಳಕು ಅಳೆಯುವ ಮೀಟರನ್ನು ಕಾಲೇಜಿನಿಂದ ತಂದು ಮಗ್ಗದ ಮೇಲಿಟ್ಟಳು. ಪರದೆ ಹೇಳಿದ್ದರ ಅರ್ಧವೂ ಇಲ್ಲ. ಹಾಗಾದರೆ ಉಳಿದ ಬೆಳಕು ಎಲ್ಲಿ ಹೋಯಿತು? ಅವಳು ಸ್ಟೂಲ್ ಹತ್ತಿ ಟ್ಯೂಬನ್ನೇ ದಿಟ್ಟಿಸಿದಳು. ಇಳಿದು ಬಂದವಳೇ ದೀಪವನ್ನು ಮತ್ತೆ ಬರೆಯತೊಡಗಿದಳು. ಈ ಸಲ ಬರೆದದ್ದು ಕಂಪನಿಯ ಕ್ಯಾಟಲಾಗಿನ ಟ್ಯೂಬ್ ಅಲ್ಲ. ಆ ಶೆಡ್ಡಿನ ಟ್ಯೂಬ್. ಅದರ ಉದ್ದಕ್ಕೂ ಮೂರು ಮೂರು ದಪ್ಪ ಪಟ್ಟಿ. ಪಟ್ಟಿಯ ಮೇಲೆ ಕಂಬಳಿಯಂತೆ ಅಂಟಿದ ನೂಲಿನ ಧೂಳು.

ಕಿರಣಗಳು ಹೊರಟವು. ಪರದೆಯ ಮೇಲಿನ ಮಗ್ಗ ಕಪ್ಪಾಯಿತು.

"ಏನವು ಪಟ್ಟಿ?" ಎಂದೆ.

"ವಿಭೂತಿ ರೀ ಸರ್. ಖಂಡಿ ಪೂಜಿದು."

ನವರಾತ್ರಿಯ ಖಂಡೆ ಪೂಜೆಯಲ್ಲಿ ಮಗ್ಗ, ಮೋಟರ್, ಕತ್ತರಿ, ಎಲ್ಲಕ್ಕೂ ವಿಭೂತಿ ಹಚ್ಚುವುದು ಇಲ್ಲಿನ ಪದ್ಧತಿ. ಟ್ಯೂಬ್‌ಲೈಟಿಗೂ. ಹಚ್ಚಿದ ಮೇಲೆ ಮುಂದಿನ ಪೂಜೆಯವರೆಗೆ ಅದನ್ನು ಯಾರೂ ಒರೆಸುವುದಿಲ್ಲ. ಅಜ್ಞಾನ! ನನ್ನೊಳಗಿನ ಭಾಷಣಕಾರ ಎದ್ದು ನಿಂತ. "ಇಷ್ಟು ದಪ್ಪಗೆ ಬಳಿದ ಮಹಾನುಭಾವ ಯಾರು?"

ಕಸ್ತೂರವ್ವ ಸೆರಗನ್ನು ಬಾಯಿಗಿಟ್ಟು ನಕ್ಕರು. "ನೀವ ಅಲ್ರೀ ಸರ್ರ! ದುಡಿಮಿ ದೊಡ್ಡದು ಅಂತ ಭಾಷಣ ಮಾಡಿ, ಸ್ಟೂಲ್ ಹತ್ತಿ, ಈ ತುದಿಯಿಂದ ಆ ತುದಿತನಕ ಹಚ್ಚಿದ್ರಿ."

ನನ್ನ ಮೂರು ಬೆರಳುಗಳನ್ನು ನೋಡಿಕೊಂಡೆ. ಹೌದು, ಆ ಪೂಜೆಯ ಮುಖ್ಯ ಅತಿಥಿ ನಾನೇ. ವಿಚಾರವಾದಿಯಾದರೂ ಜನರ ಮನಸ್ಸು ನೋಯಿಸಬಾರದೆಂದು, ತುಸು ಹೆಚ್ಚೇ ಉತ್ಸಾಹದಿಂದ ಬಳಿದಿದ್ದೆ. ಆಮೇಲೆ ಆ ಬೆರಳುಗಳಿಂದಲೇ ಅವರಿಗೆ ಚಾಳೀಸು ಕೊಟ್ಟಿದ್ದೆ!

"ಸ್ವಿಚ್ ಆರಸ್ರಿ, ಒರಸೂಣು," ಎಂದಳು ರೇಖಾ.

"ಪೂಜಿ ಮಾಡಿದ್ದನ್ನ ನಡುವರ್ಷದಾಗ ಒರಸ್ತಾರೇನವ್ವಾ?" ಎಂದು ಮಹಾದೇವಪ್ಪ ತಡೆದರು.

ಕಸ್ತೂರವ್ವ ಕಾಯಲಿಲ್ಲ. ಸ್ವಿಚ್ ಆರಿಸಿ, ಸೆರಗು ನೆನೆಸಿಕೊಂಡು ಸ್ಟೂಲ್ ಹತ್ತಿದರು. "ದೇವರು ನನ್ನ ಮ್ಯಾಲ ಸಿಟ್ಟ ಆದ್ರ ಆಗ್ಲಿ ಬಿಡ್ರೀ ಸಾವ್ಕಾರ್ರ. ಕಂಡಿಕಿ ಸುತ್ತೂದು ನಾ, ಅವ ಅಲ್ಲ."

ಟ್ಯೂಬ್ ಒಣಗಿತು, ಹತ್ತಿತು. ಚಾಳೀಸು ತೆಗೆದಿಟ್ಟ ಕಸ್ತೂರವ್ವ ನಿಂತಲ್ಲಿಂದಲೇ ಹಾಸಿನತ್ತ ಬೆರಳು ತೋರಿದರು: "ಅಲ್ಲಿ ಹರದೈತಿ." ನನಗಂತೂ ಹತ್ತಿರ ಹೋದರೂ ಕಾಣಲಿಲ್ಲ. ಅಷ್ಟರಲ್ಲಿ ಅವರು ಬಂದು ಎರಡು ತುದಿ ಹಿಡಿದು ಗಂಟು ಹಾಕಿ ಮುಗಿಸಿದ್ದರು.

ಮಹಾದೇವಪ್ಪ ಕೆಮ್ಮಿದರು. "ಆತು ಅಕ್ಕಾರ. ನಾಳಿಂದ ಮಗ್ಗಕ್ಕ ನಿಲ್ರಿ."

ನಾನು ನಿಟ್ಟುಸಿರು ಬಿಟ್ಟೆ. ಆದರೆ ಕಸ್ತೂರವ್ವ ನಗಲಿಲ್ಲ. ಒದ್ದೆ ಸೆರಗು ಹಿಂಡುತ್ತ ಕೇಳಿದರು: "ಹಂಗಾರ ನನಕಿಂತ ಮೊದಲ ಇದ ಮಗ್ಗದಾಗ ಶಾಂತವ್ವ ಇದ್ಲಲ್ರಿ? ಆಕಿಗೂ ಕಣ್ಣ ಹೋದುವಂತ ಮನಿಗೆ ಕಳಿಸಿದ್ರಿ. ಆಗೂ ವರ್ಷಾ ವಿಭೂತಿ ಹಚ್ತಿದ್ರಲ್ಲ?"



ಟ್ಯೂಬ್ ಒರೆಸಲು ಒಂದು ಸೆರಗು ಸಾಕಾಯಿತು. ಶಾಂತವ್ವನ ಕಣ್ಣೊರೆಸಲು ನಾವು ಯಾವ ಮುಖ ಹೊತ್ತು ಹೋಗಬೇಕು?